ಹೊಸ ವಸ್ತು ಮಾಡಿದ್ದೇನೆ, ಮುಂದೇನು? ಅನುಭವ ಇದ್ದವರು ಹೇಳಿ

ಕೇಳಿದವರು: ಒದ್ದೆ ಕೊಡೆಯ ತುದಿಗೆ ಸಿಕ್ಕಿಸುವ ಒಂದು ಪುಟ್ಟ ಬಟ್ಟಲು ಮಾಡಿದ್ದೇನೆ. ತೊಟ್ಟಿಕ್ಕುವ ನೀರೆಲ್ಲ ಅದರೊಳಗೇ ಉಳಿಯುತ್ತದೆ. ತ್ರೀಡಿ ಪ್ರಿಂಟರಿನಲ್ಲಿ ಆರು ಮಾದರಿ ಮಾಡಿದೆ, ಗೆಳೆಯರೆಲ್ಲ ಸೂಪರ್ ಅಂದರು. ಈಗ ಮೊದಲು ಪೇಟೆಂಟ್ ಮಾಡಿಸಲೋ, ಕರಗಿದ ಪ್ಲಾಸ್ಟಿಕ್ ತುಂಬುವ ಅಚ್ಚು ಮಾಡಿಸಲೋ, ಇಲ್ಲ ಯಾವುದಾದರೂ ಕಂಪನಿಗೆ ಕೊಟ್ಟುಬಿಡಲೋ?

ಒಬ್ಬರು: ಅಚ್ಚಿನಲ್ಲಿ ಕೈ ಸುಟ್ಟುಕೊಂಡವನು ನಾನು, ಅದನ್ನೇ ಹೇಳುತ್ತೇನೆ. ನನ್ನದು ಒತ್ತಿದರೆ ಟಕ್ಕಂತ ಕೂರುವ ಮುಚ್ಚಳ. ಪ್ರಿಂಟರಿನಲ್ಲಿ ಚೆನ್ನಾಗಿಯೇ ಬಂದಿತ್ತು. ಅದೇ ಡ್ರಾಯಿಂಗ್ ಕೊಟ್ಟು ಉಕ್ಕಿನ ಅಚ್ಚು ಮಾಡಿಸಿದೆ. ಗೋಡೆ 2 ಮಿ.ಮೀ., ಕೊಕ್ಕೆಯ ಬುಡ 4 ಮಿ.ಮೀ. ದಪ್ಪ ಇದ್ದ ಕಡೆ ಪ್ಲಾಸ್ಟಿಕ್ ನಿಧಾನವಾಗಿ ಆರುತ್ತದೆ, ಆರುವಾಗ ಒಳಕ್ಕೆ ಎಳೆದುಕೊಳ್ಳುತ್ತದೆ. ಎಲ್ಲರ ಕಣ್ಣು ಬೀಳುವ ಜಾಗದಲ್ಲೇ ಗುಳಿ ಬಿತ್ತು. ಗೋಡೆಗಳನ್ನು ನೆಟ್ಟಗೆ ಇಟ್ಟಿದ್ದು ಇನ್ನೊಂದು ತಪ್ಪು. ಒಂದೆರಡು ಡಿಗ್ರಿ ಓರೆ ಕೊಡದಿದ್ದರೆ ವಸ್ತು ಅಚ್ಚಿನಿಂದ ಸಲೀಸಾಗಿ ಕಳಚುವುದಿಲ್ಲ. ಪ್ರತಿಯೊಂದರ ಮೈಮೇಲೂ ಗೀರು.

ಮತ್ತೆ ಕೊಕ್ಕೆಯನ್ನು ಮೊದಲು ಬೇಕಂತಲೇ ಸ್ವಲ್ಪ ಚಿಕ್ಕದಾಗಿ ಇಡಿ. ಅಚ್ಚಿನಿಂದ ಉಕ್ಕು ಕೆರೆದು ತೆಗೆಯುವುದು ಸುಲಭ, ಮತ್ತೆ ಸೇರಿಸುವುದು ಕಷ್ಟ. ಅಚ್ಚನ್ನು ಕೆರೆದಷ್ಟೂ ಅದರಲ್ಲಿ ಬರುವ ಕೊಕ್ಕೆ ದೊಡ್ಡದಾಗುತ್ತದೆ, ಹಾಗಾಗಿ ಸಡಿಲ ಅನಿಸಿದರೆ ಕೆರೆಸಿ ಬಿಗಿ ಮಾಡಿಕೊಳ್ಳಬಹುದು. ನಾನು ದೊಡ್ಡದಾಗಿ ಇಟ್ಟೆ. ಮುಚ್ಚಳ ತೆಗೆಯೋಕೆ ಹಲ್ಲು ಬೇಕಾಗಿತ್ತು!

ಇನ್ನೊಬ್ಬರು: ಅಚ್ಚು ಆಮೇಲಾಯಿತು. ವಿಡಿಯೊ ಗಿಡಿಯೊ ಹಾಕಿಲ್ಲ ಅಲ್ವಾ? ಪೇಟೆಂಟಿಗೆ ಅರ್ಜಿ ಹಾಕುವ ಮೊದಲು ಹೊರಗೆ ತೋರಿಸಿದರೆ ಬಹಳಷ್ಟು ದೇಶಗಳಲ್ಲಿ ಅದು ಹೊಸದು ಅಂತ ಲೆಕ್ಕಕ್ಕೆ ಬರುವುದಿಲ್ಲ. ಮೊದಲ ಅರ್ಜಿ ಹಾಕಿದ ಮೇಲೆ ಬೇರೆ ದೇಶಗಳಲ್ಲಿ ಹಾಕೋಕೆ ಸಾಮಾನ್ಯವಾಗಿ 12 ತಿಂಗಳು ಸಿಗುತ್ತದೆ. ಅಷ್ಟರೊಳಗೆ ಯಾರಾದರೂ ದುಡ್ಡು ಕೊಟ್ಟು ಕೊಳ್ಳುತ್ತಾರಾ ನೋಡಿ. ನಾನು ಹಾಗೆ ಮಾಡಲಿಲ್ಲ. ಸರ್ಟಿಫಿಕೇಟು ಗೋಡೆಯ ಮೇಲಿದೆ, ವಸ್ತು ಮಾರುಕಟ್ಟೆಗೆ ಬರಲೇ ಇಲ್ಲ. ಹಕ್ಕು 20 ವರ್ಷದ್ದು ನಿಜ, ಆದರೆ ಉಳಿಸಿಕೊಳ್ಳೋಕೆ ಶುಲ್ಕ ಕಟ್ಟುತ್ತಲೇ ಇರಬೇಕು. ಕೊನೆಗೆ ಸುಮ್ನೆ ಬಿಟ್ಟುಬಿಟ್ಟೆ.

ಮತ್ತೊಬ್ಬರು: ನನಗೂ ಎಲ್ಲರೂ ಸೂಪರ್ ಅಂದಿದ್ದರು. ಕೊಳ್ಳಿ ಅಂದ ತಕ್ಷಣ ‘ನೋಡೋಣ’ ಶುರುವಾಯಿತು. ನಿಮ್ಮ ಬಟ್ಟಲು ಪ್ಯಾಕೆಟ್ಟಿನೊಳಗೆ ಮಲಗಿದ್ದರೆ ಅದೇನು ಅಂತ ಯಾರಿಗೂ ಹೊಳೆಯುವುದಿಲ್ಲ. ಟಪ್ಪರ್‌ವೇರ್ ಡಬ್ಬಿಗೂ ಇದೇ ಆಗಿತ್ತು. 1946ರಲ್ಲಿ ಬಂದಾಗ ಕಪಾಟಿನಲ್ಲೇ ಕೂತಿತ್ತು. ಮುಚ್ಚಳ ಒತ್ತಿ ಗಾಳಿ ಹೊರಗೆ ಬಿಡಬೇಕು ಅನ್ನುವುದೇ ಜನರಿಗೆ ಗೊತ್ತಿರಲಿಲ್ಲ. ಬ್ರೌನಿ ವೈಸ್ ಅನ್ನುವ ಮಾರಾಟಗಾರ್ತಿ ಮನೆಗಳಲ್ಲಿ ಹೆಂಗಸರನ್ನು ಸೇರಿಸಿ ಮಾಡಿ ತೋರಿಸಿದ ಮೇಲೆ ಓಡಿತು. ಎಷ್ಟು ಅಂದರೆ, 1951ರಲ್ಲಿ ಕಂಪನಿ ಅಂಗಡಿಗಳಿಗೆ ಕೊಡುವುದನ್ನೇ ನಿಲ್ಲಿಸಿತು.

ಹಾಗಾಗಿ ಉಕ್ಕಿನ ಅಚ್ಚಿಗೆ ಈಗಲೇ ದುಡ್ಡು ಸುರಿಯಬೇಡಿ. ಅರ್ಜಿ ಹಾಕಿ, ಸಿಲಿಕೋನ್ ಅಚ್ಚಿನಲ್ಲಿ ಎರಕ ಹೊಯ್ಸಿ. ಒಂದು ಅಚ್ಚು ಇಪ್ಪತ್ತರ ಆಸುಪಾಸು ಕೊಡುತ್ತದೆ. ಪರಿಚಯವೇ ಇಲ್ಲದವರ ಎದುರು ಒದ್ದೆ ಕೊಡೆಗೆ ಹಾಕಿ ತೋರಿಸಿ ಮಾರಿ. ಬೆಲೆಯಲ್ಲಿ ಪೆಟ್ಟಿಗೆ, ಸಾಗಣೆ, ಮಾರುವವರ ಪಾಲು, ವಾಪಸು ಬರುವ ಮಾಲು ಎಲ್ಲ ಇರಲಿ. ನಾನು ವಾಪಸು ಬರುವುದನ್ನು ಮರೆತಿದ್ದೆ.

ಮಗದೊಬ್ಬರು: ಕಂಪನಿಗೆ ಕೊಡುವುದು ಅಷ್ಟು ಸುಲಭ ಅಂದುಕೊಳ್ಳಬೇಡಿ. ಜೇಮ್ಸ್ ಡೈಸನ್ ಅನ್ನುವ ಬ್ರಿಟನ್ನಿನ ಸಂಶೋಧಕರು ತಮ್ಮ ವ್ಯಾಕ್ಯೂಮ್ ಕ್ಲೀನರಿಗೆ 5,127 ಮಾದರಿ ಮಾಡಿದರು. ಆದರೂ ದೊಡ್ಡ ತಯಾರಕರು ಬೇಡ ಅಂದರು. ಜಪಾನಿನ ಕಂಪನಿಯೊಂದು ಪರವಾನಗಿ ಪಡೆಯಿತು, ಆ ದುಡ್ಡೇ ಅವರ ಸ್ವಂತ ಕಂಪನಿಗೆ ಆಸರೆಯಾಯಿತು. ಕೇಳಿ ನೋಡಿ, ಆದರೆ ಅದನ್ನೇ ನಂಬಿ ಕೂರಬೇಡಿ.

ಕೇಳಿದವರು: ಈಗಷ್ಟೇ ಕ್ಯಾಲಿಪರ್ ಇಟ್ಟು ಅಳೆದೆ. ಗೋಡೆ 1.8 ಮಿ.ಮೀ., ಕೊಕ್ಕೆಯ ಬುಡ 4.5. ಇವತ್ತು ರಾತ್ರಿ ಹಾಕೋಣ ಅಂತ ವಿಡಿಯೊ ಎಡಿಟ್ ಮಾಡಿ ಇಟ್ಟಿದ್ದೆ. ಸದ್ಯಕ್ಕೆ ಹಾಕುವುದಿಲ್ಲ.