ಸಹಾಯ ಬೇಕು: ಅಜ್ಜ-ಅಜ್ಜಿ ಜೊತೆ ವಂಡರ್‌ಲಾನಾ, ಜಿಆರ್‌ಎಸ್ಸಾ?

ಎಲ್ಲರಿಗೂ ನಮಸ್ಕಾರ. ನಾವು ಮಡಿಕೇರಿಯವರು. ಕಾಫಿ ಕೊಯ್ಲು ಮುಗಿದ ಮೇಲೆ ಅಜ್ಜ, ಅಜ್ಜಿ ಮತ್ತು ಚಿಕ್ಕ ಮಕ್ಕಳನ್ನು ಒಟ್ಟಿಗೆ ಕರೆದುಕೊಂಡು ಹೋಗಬೇಕು ಅಂತ ಆಸೆ. ಬೆಂಗಳೂರು ಹತ್ತಿರದ ಬಿಡದಿಯ ವಂಡರ್‌ಲಾ ಅಥವಾ ಮೈಸೂರಿನ ಜಿಆರ್‌ಎಸ್, ಈ ಎರಡು ಅಮ್ಯೂಸ್‌ಮೆಂಟ್ ಪಾರ್ಕ್‌ಗಳಲ್ಲಿ ಯಾವುದು ಒಳ್ಳೆಯದು?

ಮೈಸೂರು ಇಲ್ಲಿಂದ ಸುಮಾರು 120 ಕಿ.ಮೀ., ಅಲ್ಲಿಂದ ಬಿಡದಿಗೆ ಮತ್ತೂ ಹೆಚ್ಚುಕಡಿಮೆ ಅಷ್ಟೇ ದೂರ. ಕುಶಾಲನಗರ ದಾಟುವ ತನಕ ತಿರುವುಗಳೇ, ಅಜ್ಜಿಗೆ ವಾಂತಿ ಬರುತ್ತದೆ. ಅಜ್ಜನಿಗೆ ಮಂಡಿನೋವು, ಕೋಲು ಹಿಡಿದು ನಿಧಾನ ನಡೆಯುತ್ತಾರೆ. "ನೀವು ಆಡಿ, ನಾನು ಗೇಟ್ ಹತ್ರ ಕೂತಿರ್ತೀನಿ" ಅನ್ನುತ್ತಾರೆ. ಹಾಗೆ ಒಬ್ಬರನ್ನೇ ಕೂರಿಸಿ ಹೋಗೋಕೆ ನನಗೆ ಖಂಡಿತ ಮನಸ್ಸಿಲ್ಲ. ಮೊಮ್ಮಕ್ಕಳು ನೀರಲ್ಲಿ ಕುಣಿಯೋದನ್ನು ಅವರು ಹತ್ತಿರದಿಂದ ನೋಡಬೇಕು.

ಹೋಗಿಬಂದವರು ದಯವಿಟ್ಟು ಹೇಳಿ: ಒಳಗೆ ವೀಲ್‌ಚೇರ್ ಸಿಗುತ್ತಾ? ಇಳಿಜಾರು, ಮೆಟ್ಟಿಲು ಜಾಸ್ತಿ ಇದೆಯಾ? ವೇವ್ ಪೂಲ್ (ಅಲೆ ಏಳುವ ಕೊಳ) ಪಕ್ಕ ನೆರಳಲ್ಲಿ ಕೂರೋ ಜಾಗ ಇದೆಯಾ? ನೀರಿಗೆ ಇಳಿಯೋಕೆ ನೈಲಾನ್‌ನಂಥ ಸಿಂಥೆಟಿಕ್ ಬಟ್ಟೆಯೇ ಬೇಕು ಅಂತ ಗೊತ್ತು, ಆದರೆ ಸೀರೆ ಉಟ್ಟ ಅಜ್ಜಿಗೆ ಅಂಚಿನಲ್ಲಿ ನಿಂತು ಕಾಲು ನೆನೆಸಿಕೊಳ್ಳೋಕಾದರೂ ಬಿಡ್ತಾರಾ? ಅವರಿಗೆ ಅದೊಂದೇ ಆಸೆ. ಬಿಪಿ ಇರುವುದರಿಂದ ಜೋರಾಗಿ ತಿರುಗುವ ಆಟ ಬೇಡವೇ ಬೇಡ. ಮೆಲ್ಲಗೆ ಹೋಗುವಂಥದ್ದು ಯಾವುದಿದೆ?

ಶನಿವಾರ, ಭಾನುವಾರ ಬಿಟ್ಟು ವಾರದ ಮಧ್ಯೆ ಹೋಗುವ ಯೋಚನೆ. ಒಂದೇ ದಿನ ಹೋಗಿ ಬರೋದು ವಯಸ್ಸಾದವರಿಗೆ ಕಷ್ಟ, ಮೈಸೂರಲ್ಲಿ ಲಿಫ್ಟ್ ಇರುವ, ಇಂಡಿಯನ್ ಟಾಯ್ಲೆಟ್ ಅಲ್ಲದ ಲಾಡ್ಜ್ ಗೊತ್ತಿದ್ದರೂ ತಿಳಿಸಿ.