ಅಪ್‌ಡೇಟ್: ಪದೇ ಪದೇ ದುಡ್ಡು ಕೇಳುವ ಮಗ

ಕುಡಿತಕ್ಕೆ ಬಿದ್ದ, ವಯಸ್ಸಿಗೆ ಬಂದ ಮಗ ದುಡ್ಡಿಗೆ ಪೀಡಿಸಿದರೆ ಏನು ಮಾಡೋದು ಅಂತ ಕೇಳಿದ್ದೆ. ಈಗಿನ ಏರ್ಪಾಡು: ಕೈಗೆ ನಗದಿಲ್ಲ, ಬಾಡಿಗೆ ನೇರ ಮಾಲೀಕರ ಖಾತೆಗೆ, ಅದೂ 3 ತಿಂಗಳು ಮಾತ್ರ. ಅವನು ಕುಡಿಯದಿದ್ದ ಹೊತ್ತು ನೋಡಿ ಅಪ್ಪ-ಅಮ್ಮ ಇಬ್ಬರೂ ಕೂತು ಹೇಳಿ, ಬರೆದೂ ಕೊಟ್ಟಿದ್ದೇವೆ.

ಶುರುವಲ್ಲಿ ಕಾಟ ಹೆಚ್ಚೇ ಆಗುತ್ತೆ. ಒಂಬತ್ತು ಸಲ ಇಲ್ಲ ಅಂದು ಹತ್ತನೇ ಫೋನಿಗೆ ಕರಗಿದರೆ, ಹತ್ತು ಸಲ ಫೋನ್ ಮಾಡಬೇಕು ಅಂತಲೇ ಅವನು ಕಲಿಯೋದು. ‘ಈ ತಿಂಗಳು ಕೈಲಿಲ್ಲ’ ಅನ್ನೋ ನೆಪ ಬೇಡ, ಮುಂದಿನ ತಿಂಗಳು ಮತ್ತೆ ಬರ್ತಾನೆ. ‘ದುಡ್ಡು ಕೊಡಲ್ಲ, ಆಸ್ಪತ್ರೆಗಾದರೆ ಯಾವಾಗ ಬೇಕಾದರೂ ಜೊತೆಗೆ ಬರ್ತೀವಿ’, ಅಷ್ಟೇ.

ಸಾಯ್ತೀನಿ ಅಂದರೆ ಮಾತ್ರ ನಾಟಕ ಅನ್ನಬೇಡಿ. ಒಂಟಿಯಾಗಿ ಬಿಡದೆ ತುರ್ತು ಚಿಕಿತ್ಸೆಗೆ ಕರೆದೊಯ್ಯಿರಿ. ದಿನಾ ವಿಪರೀತ ಕುಡಿಯೋರನ್ನು ಕೂಡಿಹಾಕಿ ದಿಢೀರ್ ಕುಡಿತ ಬಿಡಿಸಿದರೆ ಫಿಟ್ಸ್ ಬರಬಹುದು, ಅದು ಡಾಕ್ಟರ ನಿಗಾದಲ್ಲೇ ಆಗಬೇಕು.