ಹಳೆ ಮನೆ ಕೊಂಡು, ರಿಪೇರಿ ಮಾಡಿ ಮಾರುವುದು: ಯಾವ ಕೆಲಸಕ್ಕೆ ಹಾಕಿದ ಹಣ ವಾಪಸ್ ಬರುತ್ತದೆ?

ಪ್ರಶ್ನೆ (ಸುರತ್ಕಲ್‌ನಿಂದ): ಸರ್, ನಾನು ದುಬೈ ಬಿಟ್ಟು ಊರಿಗೆ ಬಂದಿದ್ದೇನೆ. ಮಂಗಳೂರಿನ ಕುಲಶೇಖರದ ಹತ್ತಿರ ಏಳು ಸೆಂಟ್ಸ್ ಜಾಗದಲ್ಲಿ ಹಳೆಯ ಆರ್‌ಸಿಸಿ ಮನೆ ಒಂದು ಉಂಟು. 60 ಲಕ್ಷ ಹೇಳುತ್ತಿದ್ದಾರೆ. ಎಂಟು ಲಕ್ಷ ಹಾಕಿ ಚಂದ ಮಾಡಿದರೆ 85ಕ್ಕೆ ಹೋಗುತ್ತದೆ ಎಂದು ಬ್ರೋಕರ್ ಹೇಳುತ್ತಾರೆ. ಮಾಡ್ಯುಲರ್ ಕಿಚನ್, ಫಾಲ್ಸ್ ಸೀಲಿಂಗ್, ಇಟಾಲಿಯನ್ ಮಾರ್ಬಲ್, ಈ ಮೂರರಲ್ಲಿ ಯಾವುದು ಲಾಭ?

ಉತ್ತರ: ಮೂರೂ ಬೇಡ ಮಾರಾಯ್ರೇ. ಮೊದಲು ಟೆರೇಸ್ ಹತ್ತಿ ನೋಡಿದಿರಾ?

ನಮ್ಮಲ್ಲಿ ವರ್ಷಕ್ಕೆ 3,500 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ ಬೀಳುತ್ತದೆ. ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಇಲ್ಲಿ ಮನೆ ನೋಡಲು ಬರುವವರು ಕಿಚನ್ ನೋಡುವ ಮೊದಲು ಗೋಡೆಯ ಮೂಲೆ ನೋಡುತ್ತಾರೆ. ಅಲ್ಲಿ ಕಪ್ಪು ಕಲೆ, ಉಬ್ಬಿದ ಪೈಂಟ್ ಕಂಡರೆ ನಿಮ್ಮ ಮಾರ್ಬಲ್‌ಗೆ ಕಾಸಿನ ಬೆಲೆ ಇಲ್ಲ. ಅದಕ್ಕೇ ನನ್ನ ಲೆಕ್ಕ ಇಷ್ಟೆ: ಮಳೆ ನೀರನ್ನು ಹೊರಗಿಡುವ ಕೆಲಸಕ್ಕೆ, ಕುಡಿಯುವ ನೀರನ್ನು ಒಳಗೆ ತರುವ ಕೆಲಸಕ್ಕೆ ಹಣ ಹಾಕಿ. ಉಳಿದದ್ದು ಕೊಳ್ಳುವವರ ರುಚಿಗೆ ಬಿಡಿ.

ಟೆರೇಸ್ ಮೇಲೆ ಟ್ರಸ್ (ಕಬ್ಬಿಣದ ಚೌಕಟ್ಟು) ಕೂರಿಸಿ ಶೀಟ್ ಹಾಕಿಸುವುದು ನೋಡಲು ಅಷ್ಟೇನೂ ಚಂದ ಇಲ್ಲ. ಆದರೆ ಸೋರಿಕೆ ನಿಲ್ಲುತ್ತದೆ, ಬೇಸಗೆಯಲ್ಲಿ ಮೇಲಿನ ರೂಮಿನ ಸೆಕೆ ಕಡಿಮೆ ಆಗುತ್ತದೆ. ಮಳೆಗಾಲದಲ್ಲಿ ಬಟ್ಟೆ ಒಣಗಿಸಲು ಜಾಗವೂ ಸಿಗುತ್ತದೆ. ಮನೆ ನೋಡಲು ಬರುವ ಹೆಂಗಸರು ಮೊದಲು ಕೇಳುವುದು ಇದನ್ನೇ. ನಾಲ್ಕೂ ಬದಿ ಮುಚ್ಚುವ ಯೋಚನೆ ಇದ್ದರೆ ಪಾಲಿಕೆಯಲ್ಲಿ ವಿಚಾರಿಸಿಯೇ ಮಾಡಿ.

ಒಂದು ಎಚ್ಚರಿಕೆ. ಸ್ಲ್ಯಾಬ್ ಒಳಗಿನ ಕಂಬಿ ಆಗಲೇ ತುಕ್ಕು ಹಿಡಿದಿದ್ದರೆ ಶೀಟ್ ಹಾಕಿ ಪ್ರಯೋಜನ ಇಲ್ಲ. ತುಕ್ಕು ಕಬ್ಬಿಣಕ್ಕಿಂತ ಜಾಸ್ತಿ ಜಾಗ ತಿನ್ನುತ್ತದೆ, ಒಳಗಿನಿಂದಲೇ ಕಾಂಕ್ರೀಟನ್ನು ಒಡೆದು ಹೊರಗೆ ತಳ್ಳುತ್ತದೆ. ಸಮುದ್ರದ ಉಪ್ಪು ಗಾಳಿ ಇರುವಲ್ಲಿ ಇದು ಇನ್ನೂ ಬೇಗ. ಸಜ್ಜದ ಅಡಿಯನ್ನು, ಸೀಲಿಂಗನ್ನು ಸಣ್ಣ ಸುತ್ತಿಗೆಯಲ್ಲಿ ತಟ್ಟಿ. ಟೊಳ್ಳು ಸದ್ದು ಬಂದರೆ ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರನ್ನು ಕರೆಯಿರಿ. ಬೀಮ್‌ನಲ್ಲಿ ಕಂಬಿಯ ಉದ್ದಕ್ಕೇ ಬಿರುಕು ಓಡಿದ್ದರೆ ಆ ಮನೆ ಬಿಡಿ. ಅದಕ್ಕೆ ಎಂಟು ಲಕ್ಷ ಎಲ್ಲಿಗೂ ಸಾಲದು.

ಎರಡನೆಯದು ಬಾತ್‌ರೂಮ್. ಹಳೆ ಮನೆಗಳಲ್ಲಿ ಗೋಡೆ ಒಳಗಿನ ಕಬ್ಬಿಣದ ಜಿಐ ಪೈಪ್ ತುಕ್ಕು ಹಿಡಿದು ನೀರು ಕೆಂಪಗೆ ಬರುತ್ತದೆ. ಎಲ್ಲ ತೆಗೆದು ಸಿಪಿವಿಸಿ ಪ್ಲಾಸ್ಟಿಕ್ ಪೈಪ್ ಹಾಕಿ, ನೆಲಕ್ಕೆ ಸರಿಯಾಗಿ ವಾಟರ್‌ಪ್ರೂಫಿಂಗ್ ಮಾಡಿ, ಆಮೇಲೆ ಟೈಲ್ಸ್. ಕೆಳಗಿನ ಮಹಡಿಯ ಒಂದು ಬೆಡ್‌ರೂಮಿಗೆ ಅಟ್ಯಾಚ್ಡ್ ಬಾತ್‌ರೂಮ್, ವೆಸ್ಟರ್ನ್ ಕಮೋಡ್ ಇರಲೇಬೇಕು. ವಯಸ್ಸಾದ ಅಪ್ಪ ಅಮ್ಮನಿಗಾಗಿ ಮನೆ ಹುಡುಕುವವರು ಇಲ್ಲಿ ತುಂಬಾ ಜನ. ಬಾವಿ ಇದ್ದರೆ ಕೆಸರು ತೆಗೆಸಿ, ನೀರು ಟೆಸ್ಟ್ ಮಾಡಿಸಿ, ರಿಪೋರ್ಟ್ ಇಟ್ಟುಕೊಳ್ಳಿ. ತುಂಬೆ ಅಣೆಕಟ್ಟಿನಿಂದ ಬರುವ ನಳ್ಳಿ ನೀರನ್ನೇ ನಂಬಿ ಕೂತವರಿಗೆ ಏಪ್ರಿಲ್-ಮೇಯಲ್ಲಿ ಬತ್ತದ ಬಾವಿಯ ಬೆಲೆ ಗೊತ್ತು. ನದಿ, ಸಮುದ್ರದ ಹತ್ತಿರದ ಬಾವಿಗೆ ಬೇಸಗೆಯಲ್ಲಿ ಉಪ್ಪು ಬರುತ್ತದೆ. ಅದನ್ನು ಕೊಳ್ಳುವ ಮೊದಲೇ ಪಕ್ಕದ ಮನೆಯವರ ಹತ್ತಿರ ಕೇಳಿ.

ವಯರಿಂಗ್ ಹಳೆಯದಾದರೆ ಪೂರ್ತಿ ಬದಲಿಸಿ. ಅರ್ಥಿಂಗ್, ಇನ್ವರ್ಟರ್ ಲೈನ್, ಬೆಡ್‌ರೂಮಿಗೆ ಎಸಿ ಪಾಯಿಂಟ್ ಬೇಕು. ಕಿಚನ್‌ಗೆ ಗಟ್ಟಿ ಗ್ರಾನೈಟ್ ಕಟ್ಟೆ, ಕೆಳಗೆ ಸಾದಾ ಶಟರ್ ಸಾಕು. ಫಾಲ್ಸ್ ಸೀಲಿಂಗ್ ಹಾಕಿದರೆ ಸೋರಿಕೆ ಮುಚ್ಚಿಡಲು ಹಾಕಿದ್ದು ಎಂದೇ ಇಲ್ಲಿನ ಜನ ಅನುಮಾನ ಪಡುತ್ತಾರೆ!

ಅದೇ ಸುರತ್ಕಲ್‌ನವರು: ಹಾಗಾದರೆ 60ಕ್ಕೆ ತೆಗೆದುಕೊಳ್ಳಬಹುದಾ?

ಉತ್ತರ: ನನ್ನ ಪ್ರಕಾರ ಇಲ್ಲ. ಲೆಕ್ಕ ಹಾಕಿ ನೋಡುವ. ಸ್ಟಾಂಪ್ ಡ್ಯೂಟಿ, ಸೆಸ್, ಸರ್‌ಚಾರ್ಜ್ ಸೇರಿ 5.6 ಪರ್ಸೆಂಟ್. ರಿಜಿಸ್ಟ್ರೇಷನ್ ಫೀ 2025ರ ಆಗಸ್ಟ್ ಕೊನೆಯಿಂದ ಒಂದರಿಂದ ಎರಡು ಪರ್ಸೆಂಟ್ ಆಗಿದೆ. ಒಟ್ಟು 7.6, ಅಂದರೆ ಸುಮಾರು 4.56 ಲಕ್ಷ. ರಿಪೇರಿಗೆ 8. 40 ಲಕ್ಷ ಸಾಲ ಮಾಡಿದರೆ 9 ಪರ್ಸೆಂಟ್‌ನಲ್ಲಿ ಎಂಟು ತಿಂಗಳ ಬಡ್ಡಿ 2.4. ಬ್ರೋಕರ್‌ಗೆ ಎರಡೂ ಸಲ ಒಂದೊಂದು ಪರ್ಸೆಂಟ್ ಕೊಟ್ಟರೆ ಒಂದೂವರೆ ಲಕ್ಷದ ಹತ್ತಿರ. ಎಲ್ಲ ಸೇರಿ 76 ಲಕ್ಷ ದಾಟಿತು. 85ಕ್ಕೆ ಮಾರಿದರೂ ಉಳಿಯುವುದು ಎಂಟೂವರೆ. ನೀವು ಆದಾಯ ತೆರಿಗೆಯ ಮೇಲಿನ ಸ್ಲ್ಯಾಬ್‌ನಲ್ಲಿದ್ದರೆ ತೆರಿಗೆ ಕಳೆದು ಕೈಗೆ ಆರು ಲಕ್ಷದ ಆಸುಪಾಸು. ಮನೆ ನಾಲ್ಕು ತಿಂಗಳು ಮಾರಾಟ ಆಗದೆ ಕೂತರೆ, ಅಥವಾ 80ಕ್ಕೆ ಹೋದರೆ? ಮತ್ತೆ ಮಂಡೆಬಿಸಿ.

ಅಮೆರಿಕದಲ್ಲಿ ಈ ವ್ಯಾಪಾರ ಮಾಡುವವರು 70 ಪರ್ಸೆಂಟ್ ಲೆಕ್ಕ ಇಟ್ಟುಕೊಳ್ಳುತ್ತಾರೆ. ರಿಪೇರಿ ಆದ ಮೇಲೆ ಸಿಗುವ ಬೆಲೆಯ 70 ಪರ್ಸೆಂಟ್ ತೆಗೆದು, ಅದರಿಂದ ರಿಪೇರಿ ಖರ್ಚು ಕಳೆಯುವುದು. ಅದಕ್ಕಿಂತ ಜಾಸ್ತಿ ಕೊಟ್ಟು ಕೊಳ್ಳುವುದಿಲ್ಲ. ನಿಮ್ಮ ಮನೆಗೆ ಅದು 51.5 ಲಕ್ಷ ಆಗುತ್ತದೆ. ನಮ್ಮ ನೋಂದಣಿ ಖರ್ಚು ನೋಡಿದರೆ ಇಲ್ಲಿಗೂ ಆ ಲೆಕ್ಕ ಬಿಗಿ ಅಲ್ಲ. 52-53ರ ಮೇಲೆ ಹೋಗಬೇಡಿ. ಲಾಭ ಆಗುವುದು ಕೊಳ್ಳುವ ದಿನ.

ಮತ್ತೊಂದು, ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್‌ನ ತುಳು ತಿಂಗಳು) ಮಾತಾಡಿ ನೋಡಿ. ಆಗ ಯಾರೂ ಮನೆ ಕೊಳ್ಳಲು ಹೊರಡುವುದಿಲ್ಲ, ಮಾರುವವರು ಸ್ವಲ್ಪ ಮೆತ್ತಗಾಗಿರುತ್ತಾರೆ. ಜೋರು ಮಳೆಯಲ್ಲಿ ಎಲ್ಲಿ ಸೋರುತ್ತದೆ ಎಂದು ಮನೆಯೇ ತೋರಿಸುತ್ತದೆ. ಕೆಲಸ ಅಕ್ಟೋಬರ್‌ನಲ್ಲಿ ಶುರು ಮಾಡಿ, ಗೋಡೆ ಚೆನ್ನಾಗಿ ಒಣಗಿದ ಮೇಲೆ ಪೈಂಟ್. ಡಿಸೆಂಬರ್‌ನಲ್ಲಿ ಗಲ್ಫ್‌ನವರು ರಜೆಗೆ ಬರುವಾಗ, ಮೇಯಲ್ಲಿ ಮುಂಬೈಯವರು ಬರುವಾಗ ಮನೆ ತೋರಿಸಲು ರೆಡಿ ಇರಬೇಕು.

ಪ್ರಶ್ನೆ (ಅಂಬಲಪಾಡಿಯಿಂದ): ಹಂಚಿನ ಮನೆ ಆದರೆ? ಹಂಚು ತೆಗೆದು ಟೆರೇಸ್ ಮಾಡಿದರೆ ರೇಟ್ ಜಾಸ್ತಿ ಸಿಗುತ್ತದಾ?

ಉತ್ತರ: ಮೊದಲು ಒಂದು ವಿಷಯ ತೀರ್ಮಾನ ಮಾಡಿ ಅಕ್ಕ. ಕೊಳ್ಳುವವರಿಗೆ ಬೇಕಾದದ್ದು ಮನೆಯೋ, ಜಾಗವೋ? ರಸ್ತೆ ಬದಿಯ ಒಳ್ಳೆ ಜಾಗ ಆದರೆ ಅವರು ಮನೆ ಕೆಡವಿಯೇ ಕಟ್ಟುತ್ತಾರೆ. ಅಂಥ ಮನೆಗೆ ನೀವು ಹಾಕಿದ ಒಂದು ರೂಪಾಯಿಯೂ ವಾಪಸ್ ಬರುವುದಿಲ್ಲ. ಕಾಡು ಕಡಿಸಿ, ಕಾಂಪೌಂಡ್ ಸರಿ ಮಾಡಿ, ದಾಖಲೆ ಕ್ಲೀನ್ ಮಾಡಿ ಮಾರಿ, ಅಷ್ಟೆ.

ಸ್ವಲ್ಪ ಒಳಗೆ, ತೋಟದ ನಡುವೆ ಇದ್ದರೆ ಹಂಚನ್ನು ಮುಟ್ಟಬೇಡಿ. ಈಗ ಹೋಮ್‌ಸ್ಟೇ ಮಾಡುವವರು, ರಿಟೈರ್ ಆಗಿ ಬರುವವರು ಹುಡುಕುವುದೇ ಹಂಚಿನ ಮನೆಯನ್ನು. ಸ್ವಿಟ್ಜರ್‌ಲ್ಯಾಂಡಿನಿಂದ ಬಂದ ಬಾಸೆಲ್ ಮಿಷನ್‌ನ ಪಾದ್ರಿಗಳು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದರು. ಆ ಕಾಲದ ಕಂಪೆನಿಗಳ ಹೆಸರು ಒತ್ತಿದ ಹಂಚು ಹಳೆ ಮಾಡಿನಲ್ಲಿ ಇನ್ನೂ ಸಿಗುತ್ತದೆ, ಸುಮ್ನೆ ಒಡೆದು ಬಿಸಾಡಬೇಡಿ. ಇಳಿಸಿ ತೊಳೆದು ಮತ್ತೆ ಹೊದಿಸಬಹುದು. ನಿಜವಾದ ಖರ್ಚು ಇರುವುದು ಪಕ್ಕಾಸು, ರೀಪಿನಲ್ಲಿ, ಅಂದರೆ ಹಂಚು ಹೊರುವ ಮರದಲ್ಲಿ. ಗೋಡೆಯ ಮೇಲೆ ಕೂರುವ ಪಕ್ಕಾಸಿನ ತುದಿಗೆ ಚಾಕು ಚುಚ್ಚಿ ನೋಡಿ, ಒರಲೆ (ಗೆದ್ದಲು) ಶುರು ಆಗುವುದು ಹೆಚ್ಚಾಗಿ ಅಲ್ಲಿ. ರೆಡ್ ಆಕ್ಸೈಡ್ ನೆಲ ಇದ್ದರೆ ಅದರ ಮೇಲೆ ವಿಟ್ರಿಫೈಡ್ ಟೈಲ್ಸ್ ಅಂಟಿಸಬೇಡಿ, ಪಾಲಿಶ್ ಮಾಡಿಸಿ. ಹೊಟ್ಟೆ ಉರಿಯುತ್ತದೆ ಅದನ್ನು ನೋಡುವಾಗ.

ಪ್ರಶ್ನೆ (ಬೆಂಗಳೂರಿನಿಂದ): ಮಣಿಪಾಲದಲ್ಲಿ ಒನ್ ಬಿಎಚ್‌ಕೆ ಫ್ಲ್ಯಾಟ್?

ಉತ್ತರ: ಆ ಕಟ್ಟಡದ ರೇಟ್ ದಾಟಿ ಯಾರೂ ಕೊಡುವುದಿಲ್ಲ, ಒಳಗೆ ಚಿನ್ನ ಹಚ್ಚಿದರೂ. ಕೊಳ್ಳುವವರು ನೋಡುವುದು ಬಾಡಿಗೆಯನ್ನು. ಪೈಂಟ್, ಗೀಸರ್, ವಾರ್ಡ್‌ರೋಬ್ ಇಷ್ಟು ಸಾಕು. ಬಾತ್‌ರೂಮ್‌ನಿಂದ ಕೆಳಗಿನ ಫ್ಲ್ಯಾಟ್‌ಗೆ ನೀರು ಇಳಿಯುತ್ತದಾ, ಅಸೋಸಿಯೇಷನ್‌ಗೆ ಬಾಕಿ ಎಷ್ಟು ಎಂದು ಕೊಳ್ಳುವ ಮೊದಲೇ ಕೇಳಿ.

ಪ್ರಶ್ನೆ (ಕಾಪುವಿನಿಂದ): ದಾಖಲೆ ಕ್ಲೀನ್ ಮಾಡುವುದು ಅಂದರೆ ಎಂತ ಸರ್? ನಾನು ನೋಡಿದ ಜಾಗದಲ್ಲಿ ನಾಗಬನ ಕೂಡ ಉಂಟು.

ಉತ್ತರ: ಪಟ್ಟಣದಲ್ಲಾದರೆ ಇ-ಖಾತಾ (ಆಸ್ತಿಯ ಆನ್‌ಲೈನ್ ದಾಖಲೆ), ಪಂಚಾಯತ್‌ನಲ್ಲಾದರೆ ಕನ್ವರ್ಷನ್ (ಕೃಷಿ ಜಾಗವನ್ನು ಮನೆ ಜಾಗ ಮಾಡಿದ ಆದೇಶ) ಮತ್ತು 9/11, ಅಂದರೆ ಪಂಚಾಯತ್ ಕೊಡುವ ನಮೂನೆ 9 ಮತ್ತು 11. ಇದಿಲ್ಲದೆ ರಿಜಿಸ್ಟ್ರೇಷನ್‌ಗೇ ತೊಂದರೆ, ಬ್ಯಾಂಕ್ ಸಾಲವೂ ಸಿಗುವುದಿಲ್ಲ. ಮತ್ತೆ ಸರ್ವೆ ಮಾಡಿಸಿ. ಹಳೆ ವರ್ಗ ಜಾಗದ (ಸ್ವಂತ ಪಟ್ಟಾ ಜಾಗದ) ಕಾಂಪೌಂಡ್ ಎಷ್ಟೋ ಕಡೆ ಪಕ್ಕದ ಕುಮ್ಕಿಯ ಒಳಗೆ ಹೋಗಿರುತ್ತದೆ. ಕುಮ್ಕಿ ಸರಕಾರದ ಭೂಮಿ, ನಿಮಗೆ ಮಾರಲು ಬರುವುದಿಲ್ಲ. ಮೂಲಗೇಣಿ (ಶಾಶ್ವತ ಗೇಣಿಯ) ಜಾಗ ಆದರೆ ವಕೀಲರಿಗೆ ತೋರಿಸದೆ ಅಡ್ವಾನ್ಸ್ ಕೊಡಲೇಬೇಡಿ.

ನಾಗಬನ ಇದ್ದರೆ ಅದರ ಕುಟುಂಬದವರು ವರ್ಷವರ್ಷ ತಂಬಿಲಕ್ಕೆ, ಅಂದರೆ ನಾಗನ ಪೂಜೆಗೆ, ಬರುತ್ತಾರೆ. ಅವರಿಗೆ ಎಷ್ಟು ಜಾಗ, ಯಾವ ದಾರಿ ಎಂದು ಕ್ರಯಪತ್ರದಲ್ಲೇ ಬರೆಸಿ. ಅದು ಸ್ಪಷ್ಟ ಇದ್ದರೆ ಇಲ್ಲಿನವರು ಕೊಳ್ಳಲು ಹೆದರುವುದಿಲ್ಲ. ಆದರೆ ಹೊರಗಿನವರಿಗೆ ಮಾರುವುದು ಕಷ್ಟ, ಅದನ್ನು ಬೆಲೆಯಲ್ಲಿ ಕಳೆದುಕೊಳ್ಳಿ.

ಪ್ರಶ್ನೆ (ಕದ್ರಿಯಿಂದ): ಟ್ಯಾಕ್ಸ್ ಬಗ್ಗೆ ಸ್ವಲ್ಪ ಹೇಳಿ. ಮಾರುವವರು ಕುವೈತ್‌ನಲ್ಲಿದ್ದಾರೆ.

ಉತ್ತರ: 24 ತಿಂಗಳೊಳಗೆ ಮಾರಿದರೆ ಲಾಭ ನಿಮ್ಮ ಸ್ಲ್ಯಾಬ್‌ಗೆ ಸೇರುತ್ತದೆ. ಮೇಲೆ ಮೇಲೆ ಕೊಂಡು ಮಾರುತ್ತಿದ್ದರೆ ಇಲಾಖೆ ಅದನ್ನು ವ್ಯಾಪಾರ ಎಂದೇ ನೋಡಬಹುದು. ರಿಪೇರಿಯ ಬಿಲ್ ಎಲ್ಲ ಇಟ್ಟುಕೊಳ್ಳಿ, ಬ್ಯಾಂಕ್ ಮೂಲಕವೇ ಹಣ ಕೊಡಿ. ಬಿಲ್ ಇಲ್ಲದ ಖರ್ಚನ್ನು ಲಾಭದಿಂದ ಕಳೆಯುವುದು ಕಷ್ಟ.

ಕುವೈತ್ ವಿಷಯ ಮುಖ್ಯ. ಊರಿನಲ್ಲೇ ಇರುವವರಿಂದ 50 ಲಕ್ಷ ಅಥವಾ ಜಾಸ್ತಿಯ ಮನೆ ಕೊಂಡರೆ ಕೊಡುವ ಹಣದಿಂದ ಒಂದು ಪರ್ಸೆಂಟ್ ತೆರಿಗೆ (ಟಿಡಿಎಸ್) ಹಿಡಿದು ಸರಕಾರಕ್ಕೆ ಕಟ್ಟಬೇಕು. ಮಾರುವವರು ಎನ್‌ಆರ್‌ಐ ಆದರೆ ಆ 50 ಲಕ್ಷದ ಮಿತಿ ಇಲ್ಲ, ದರವೂ ತುಂಬಾ ಜಾಸ್ತಿ. ಹಿಡಿಯದೆ ಪೂರ್ತಿ ಹಣ ಕೊಟ್ಟರೆ ಇಲಾಖೆ ಕೇಳುವುದು ಕೊಂಡ ನಿಮ್ಮನ್ನು. ಕಡಿಮೆ ದರದ ಸರ್ಟಿಫಿಕೇಟ್‌ಗೆ ಅವರು ಅರ್ಜಿ ಹಾಕಬಹುದು, ಆದರೆ ಅದಕ್ಕೆ ಸಮಯ ಹಿಡಿಯುತ್ತದೆ. ಅಗ್ರಿಮೆಂಟ್ ಬರೆಯುವಾಗಲೇ ಆ ತಿಂಗಳುಗಳನ್ನು ಸೇರಿಸಿ, ಆಮೇಲೆ ಸಾಲ ತೆಗೆಯಿರಿ. ಇಲ್ಲದಿದ್ದರೆ ಸುಮ್ನೆ ಬಡ್ಡಿ ಕಟ್ಟುತ್ತಾ ಕೂರಬೇಕಾಗುತ್ತದೆ.